ನಳಗಿಗೆ ತೂತ ಹೊಡಸಿದ್ರ ಹಂದಿ ಓಡತೈತೋ, ಕಿವಿ ಹೋಗತೈತೋ?



ಈ ವಾರ ಕುಳಿ ಕಬ್ಬಿನ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರ. ಅದಕ್ಕೂ ಮೊದಲು ಈ ಮಾತು ಬರೀಲೇಬೇಕಾಗಿದೆ. ಯಾಕಂದ್ರ ಇದು ತಡ ಆದ್ರ ಯಾರೋ ಒಬ್ಬರು ಬಂದೂಕು ಹೆಗಲಿಗೆ ಹಾಕ್ಕೊಂಡು ಲೇತ್ ಅಂಗಡಿಗೆ ಹೋಗಿಬಿಡ್ತಾರ.

ಹೋದ ಭಾನುವಾರ ಸಂಜೆ ನಮ್ಮ ಅಕ್ಕನ ಮಗ ಹೊಲಕ್ಕೆ ಬಂದಿದ್ದ. ಅವರ ಮನೆಯಲ್ಲಿ ಬೆಳೆ ಕಾಯಲಿಕ್ಕೆ ಅಂತ ಲೈಸನ್ಸ್ ತಗೊಂಡ ಒಂಟಿ ನಳಿಗೆಯ ಹನ್ನೆರಡು ಬೋರ್ ಬಂದೂಕು ಐತಿ. ನಮ್ಮದೂ ಅಂಥದೇ. ಹುಡುಗ ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದ. ಅಮೆರಿಕದ ಬಂದೂಕು. ನಳಿಗೆ ತುದಿಯಿಂದ ನಾಲ್ಕು ಬೆರಳು ಹಿಂದ ಎರಡೂ ಬದಿಗೆ ಸಾಲಾಗಿ ಸಣ್ಣ ಸಣ್ಣ ತೂತು, ಕೊಳಲಿಗೆ ಇದ್ದಂಗ.

"ಮಾಮಾ, ಹಿಂಗ ಹೊಡಸಿದ್ರ ಸಪ್ಪಳ ಡಬಲ್ ಆಗತೈತಂತ. ಒಂದ ಸಲ ಹಾರ್ಸಿದ್ರ ಹಂದಿ ಹೊಳಿ ದಾಟಿ ಆಚೀ ದಂಡಿಗೆ ಹೋಗಿ ನಿಂದರ್ತಾವ. ನಮ್ಮ ದೋಸ್ತನ ಲೇತ್ ಐತಿ, ಅರ್ಧಾ ತಾಸಿನ ಕೆಲಸ ಅಂದಾನ. ನಿಮ್ಮದೂ ಕೊಡ್ರಿ, ಎರಡೂ ಕೂಡೇ ಮಾಡಿಸ್ಕೊಂಡ ಬರ್ತೀನಿ."

ನಾನು ಬಂದೂಕು ಕೊಡಲಿಲ್ಲ. ಅವನದನ್ನೂ ಒಯ್ಯಬ್ಯಾಡ ಅಂದೆ. ಹುಡುಗನಿಗೆ ಸಿಟ್ಟು ಬಂತು. "ನಿಮಗ ಹೊಸದು ಅಂದ್ರ ಆಗಂಗಿಲ್ಲ" ಅಂದು ಚಹಾ ಕೂಡ ಕುಡೀದೇ ಹೋದ. ಅವನಿಗೆ ಅಂದು ಬಾಯಲ್ಲಿ ಸರಿಯಾಗಿ ಹೇಳಲಿಕ್ಕೆ ಆಗದ ಮಾತನ್ನ ಇಲ್ಲಿ ಬರೀತೀನಿ. ಅವನೊಬ್ಬನೇ ಅಲ್ಲ, ಇದು ಈಗ ನಮ್ಮ ಸುತ್ತಲಿನ ಹಳ್ಳಿ ಹುಡುಗರ ಮೊಬೈಲ್‌ನಾಗ ಓಡ್ಯಾಡಾಕತ್ತೈತಿ.

ಮೊದಲು ಆ ತೂತು ಯಾಕ ಇರ್ತಾವ ಅನ್ನೋದನ್ನ ತಿಳಕೊಳ್ಳೋಣ. ಸಪ್ಪಳ ಜೋರು ಮಾಡಲಿಕ್ಕೆ ಅಂತ ಯಾರೂ ಅವನ್ನ ಹೊಡೆಯೋದಿಲ್ಲ. ಪರದೇಶದಲ್ಲಿ ಮಣ್ಣಿನ ಬಿಲ್ಲೆಯನ್ನ ಗಾಳಿಗೆ ಎಸೆದು ಹೊಡೆಯೋ ಆಟ ಐತಿ, ಟ್ರ್ಯಾಪ್, ಸ್ಕೀಟ್ ಅಂತಾರ. ಒಂದು ಗುಂಡು ಹಾರಿಸಿದ ಕೂಡಲೇ ನಳಿಗೆ ಮ್ಯಾಲೆ ಜಿಗಿತದ. ಎರಡನೇ ಬಿಲ್ಲೆಗೆ ಗುರಿ ಹಿಡಿಯೋದು ತಡ ಆಗ್ತದ. ಅದಕ್ಕ ಬ್ರೌನಿಂಗ್‌ನಂಥ ಕಂಪನಿಗಳು ಕೆಲವು ಬಂದೂಕಿಗೆ ಕಾರ್ಖಾನೆಯಲ್ಲೇ ತೂತು ಹೊಡೆದು ಕೊಟ್ಟಾವ. ಚರೆ ತೂತು ದಾಟಿ ಮುಂದೆ ಹೋಗೋ ಹೊತ್ತಿಗೆ ಅದರ ಹಿಂದಿನ ಬಿಸಿ ಹೊಗೆ ಆ ತೂತಿನಿಂದ ಮೇಲಕ್ಕೆ, ಬದಿಗೆ ನುಗ್ಗತದ. ಆ ಒತ್ತು ನಳಿಗೆಯನ್ನ ಸ್ವಲ್ಪ ಕೆಳಗೆ ಅದುಮತದ. ಇಷ್ಟೇ ಕೆಲಸ. ಒಂದರ ಹಿಂದೆ ಒಂದು ನೂರು ಬಿಲ್ಲೆ ಹೊಡೆಯೋನಿಗೆ ಅದು ಬೇಕಾದೀತು. ಒಂದೇ ತೋಟಾ ತುಂಬಿ, ಆಕಾಶಕ್ಕೆ ಒಂದು ಹಾರಿಸಿ, ಮತ್ತ ಮಡಚಿ ಖಾಲಿ ತೋಟಾ ತೆಗೆಯೋ ನಮಗೆ ಅದರಿಂದ ಏನು ಬಂತು?

ಹಂಗಾದ್ರ ಸಪ್ಪಳ ಜಾಸ್ತಿ ಆಗೋದು ಸುಳ್ಳಾ? ಸುಳ್ಳಲ್ಲ. ಆದರ ಯಾರಿಗೆ ಜಾಸ್ತಿ ಅನ್ನೋದರೊಳಗ ಎಲ್ಲಾ ಐತಿ.

ಇದನ್ನ ನಾನು ಒಮ್ಮೆ ಕಿವಿಯಾರೆ ಕೇಳೀನಿ. ನಮ್ಮ ಪಕ್ಕದ ಊರಿನ ರಿಟೈರ್ಡ್ ಸುಬೇದಾರರೊಬ್ಬರು ನನಗೆ ಬಹಳ ಬೇಕಾದವರು. ಅವರ ಜೋಡಿ ಮಿಲಿಟ್ರಿಯಲ್ಲಿದ್ದ ಕೊಡಗಿನ ಗೆಳೆಯರೊಬ್ಬರು ಎರಡು ವರ್ಷದ ಹಿಂದ ಕೈಲ್ ಮುಹೂರ್ತ ಹಬ್ಬಕ್ಕೆ ಕರೆದಿದ್ದರು. ನನ್ನನ್ನೂ ಕರಕೊಂಡು ಹೋದರು. ಕೊಡಗಿನವರ ಆ ಹಬ್ಬ ಸೆಪ್ಟೆಂಬರ್ ಶುರುವಿಗೆ ಬರ್ತದ, ನಾಟಿ ಮುಗಿದ ಮೇಲೆ. ಅಂದು ಕೋವಿಗೆ ಹೂ ಏರಿಸಿ ಪೂಜೆ ಮಾಡ್ತಾರ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ. ಅವರಿಗೆ ಲೈಸನ್ಸಿನ ರಗಳೆ ನಮ್ಮಷ್ಟಿಲ್ಲ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಐತಿ. ನಾವು ಎಲೆಕ್ಷನ್ ಬಂದಾಗೊಮ್ಮೆ ಬಂದೂಕು ಹೊತ್ತುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗಿ ಜಮಾ ಮಾಡಿ ಚೀಟಿ ತಗೊಂಡು ಬರೋ ಮಂದಿ. ಅವರ ಅಂಗಳದಾಗ ಕೋವಿ ನೋಡಿ ನನಗೆ ಸ್ವಲ್ಪ ಹೊಟ್ಟಿಕಿಚ್ಚು ಆದದ್ದು ಖರೇ.

ಅಲ್ಲಿ ಒಬ್ಬರ ಹತ್ತಿರ ಪರದೇಶದ ಹನ್ನೆರಡು ಬೋರ್ ಇತ್ತು, ನಳಿಗೆಗೆ ತೂತು ಇದ್ದದ್ದು. ಮೊದಲಿಗೆ ನಾನು ಹೊಡೆಯೋರ ಬೆನ್ನ ಹಿಂದೆ ನಿಂತಿದ್ದೆ. ಬೇರೆ ಕೋವಿಗೂ ಅದಕ್ಕೂ ಅಂಥಾ ಫರಕು ಕಾಣಲಿಲ್ಲ. ಸ್ವಲ್ಪ ಚೂಪಾದ ಸಪ್ಪಳ ಅನಿಸ್ತು, ಅಷ್ಟೇ. ಆಮೇಲೆ ಕಾಯಿ ಸರಿಯಾಗಿ ಕಾಣಲಿ ಅಂತ ಸರದು ಬದಿಗೆ ಬಂದು ನಿಂತೆ, ನಳಿಗೆ ತುದಿಗೆ ಹೆಚ್ಚು ಕಡಿಮೆ ಸಮಾನಾಗಿ, ಏಳೆಂಟು ಮಾರು ದೂರ. ಅವರು ಮತ್ತೊಂದು ಹೊಡೆದರು. ಯಾರೋ ಕಪಾಳಕ್ಕೆ ಬಾರಿಸಿದಂಗಾತು. ಮುಖಕ್ಕೆ ಗಾಳಿ ಬಡೀತು. ನನ್ನ ಪಕ್ಕ ನಿಂತ ಮಂದಿ ಎರಡೂ ಕೈಲೆ ಕಿವಿ ಮುಚ್ಚಿಕೊಂಡರು. ಹೊಡೆದವರಿಗೆ ಏನೂ ಇಲ್ಲ! ನಗಾಡಕೊಂತ ತೋಟಾ ಬದಲು ಮಾಡಾಕತ್ತಿದ್ದರು. "ಇದು ಜೋರಾಗ್ತದಲ್ರೀ" ಅಂತ ಕೇಳಿದೆ. "ಇಲ್ಲ, ನನಗೇನೂ ವ್ಯತ್ಯಾಸ ಗೊತ್ತಾಗೋದಿಲ್ಲ" ಅಂದರು.

ಅವರು ಸುಳ್ಳು ಹೇಳಲಿಲ್ಲ. ಸಾದಾ ನಳಿಗೆಯಲ್ಲಿ ಹೊಗೆಯೂ ಸಪ್ಪಳವೂ ಮುಂದಕ್ಕೆ ಹೋಗ್ತಾವ. ತೂತು ಇದ್ದಾಗ ಅದರೊಳಗಿಂದ ಒಂದು ಪಾಲು ಬದಿಗೆ, ಮೇಲೆ ಚೆಲ್ಲತದ. ಬಂದೂಕು ಹಿಡಿದವನಿಗೆ ಹೆಚ್ಚಾಗೋದು ಸಣ್ಣದು. ಬದಿಗೆ ನಿಂತವನಿಗೆ ಅದು ನೇರ ಕಿವಿಗೆ.

ಈಗ ನಿಮ್ಮ ನಿಮ್ಮ ಹೊಲ ನೆನಪು ಮಾಡಿಕೊಳ್ರಿ. ರಾತ್ರಿ ಹಂದಿ ಬಂದಾಗ ಬಂದೂಕಿನ ಬದಿಗೆ ಯಾರು ನಿಂತಿರ್ತಾರ? ಬ್ಯಾಟರಿ ಹಿಡಿದವರು. ಬ್ಯಾಟರಿ ಹಿಡಿಯೋರು ಯಾರು? ಮಗ, ಇಲ್ಲಾ ಆಳುಮಗ, ಇಲ್ಲಾ ಮನೀ ಹೆಣ್ಣುಮಗಳು.

ಇಲ್ಲಿಂದ ಮುಂದೆ ನಮ್ಮ ಮನೆ ಮಾತು. ಬರೀಬೇಕೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡೀನಿ.

ಹಂದಿ ನಮ್ಮ ಕಡೆ ಮೊದಲು ಇಷ್ಟಿರಲಿಲ್ಲ. ನಮ್ಮ ಅಪ್ಪನ ಹತ್ತಿರ ಮುಂದಿನಿಂದ ಮದ್ದು ತುಂಬೋ ಹಳೇ ಬಂದೂಕು ಇತ್ತು. ಅದು ವರ್ಷಕ್ಕೆ ಎರಡು ಸಲ ಹಾರಿದ್ರ ಹೆಚ್ಚು. ಮಡ್ಡಿ ಹೊಲದ ಜೋಳಕ್ಕೆ ಹಕ್ಕಿ ಕಾಯಲಿಕ್ಕೆ ಕವಣಿ ಸಾಕಾಗ್ತಿತ್ತು. 1989ರಲ್ಲಿ ನಾವೆಲ್ಲ ಕೂಡಿ ಇಲ್ಲೇ ನಮ್ಮೂರ ಹತ್ತಿರ ಕೃಷ್ಣಾ ಹೊಳಿಗೆ ಶ್ರಮಬಿಂದು ಸಾಗರ ಕಟ್ಟಿದಿವಿ. ಸಿದ್ದು ನ್ಯಾಮಗೌಡರು ಮುಂದೆ ನಿಂತಿದ್ದರು, ಸರಕಾರದ ದಾರಿ ಕಾಯದೇ ರೈತರು ರೊಕ್ಕ, ಬೆವರು ಹಾಕಿ ಕಟ್ಟಿದ್ದು. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಆಗಿತ್ತು, ನಾನೂ ಕಲ್ಲು ಹೊತ್ತೀನಿ. ನೀರು ನಿಂತಿತು, ಕಬ್ಬು ಬಂತು. ಕಬ್ಬು ವರ್ಷಾನುಗಟ್ಟಲೆ ನಿಂತ ಬೆಳೆ. ಒಳಗೆ ನೆರಳು, ತಂಪು, ತಿನ್ನಲಿಕ್ಕೆ ಸಿಹಿ. ನೀರು ನಾವೇ ತಂದಿವಿ, ಹಂದಿಗೆ ಮನೀನೂ ನಾವೇ ಕಟ್ಟಿಕೊಟ್ಟಿವಿ. ಈ ಮಾತು ಹೇಳಿದ್ರ ಕೆಲವರಿಗೆ ಸೇರಂಗಿಲ್ಲ, ಇರಲಿ.

ಅಪ್ಪ ತೀರಿಕೊಂಡ ಮೇಲೆ ಲೈಸನ್ಸ್ ನನ್ನ ಹೆಸರಿಗೆ ಆತು. ಹಳೇದು ಬಿಟ್ಟು ಹನ್ನೆರಡು ಬೋರ್ ತಗೊಂಡೆ. 2011ನೇ ಇಸ್ವಿ, ಗೊಂಜಾಳ ಹಾಲುಗಾಳು ಕಟ್ಟಿತ್ತು. ಪಕ್ಕದ ಕಬ್ಬಿನ ಪಡದಿಂದ ಹಂದಿ ಹಿಂಡು ನುಗ್ಗಿತ್ತು. ಆ ರಾತ್ರಿ ತ್ರೀ ಫೇಸ್ ಕರೆಂಟು ಇತ್ತು ಅಂತ ನಾನು, ನಮ್ಮ ಮನೆಯವರು ಇಬ್ಬರೂ ನೀರು ಹಾಯಿಸಲಿಕ್ಕೆ ಹೋಗಿದ್ದೆವು. ಆಕಿ ನನ್ನ ಎಡಕ್ಕೆ, ಒಂದು ಹೆಜ್ಜೆ ಮುಂದೆ ನಿಂತು ಬ್ಯಾಟರಿ ಬಿಟ್ಟಳು. ನಾನು ಹಂದಿ ತಲೆ ಮ್ಯಾಲೆ ಹೋಗೋಹಂಗ ಒಂದು ಗುಂಡು ಹಾರಿಸಿದೆ. ಹಂದಿ ಓಡಿದವು. ಆಕಿ ಕೈಯಾಗಿನ ಬ್ಯಾಟರಿ ಕೆಳಗೆ ಬಿತ್ತು. "ಏನಾತು?" ಅಂದೆ. "ಏನಿಲ್ರಿ, ಕಿವ್ಯಾಗ ಗುಂಯ್ ಅಂತು" ಅಂದಳು. ಮುಂಜಾನೆ ಸರಿ ಆಗ್ತದ ಅಂತ ಇಬ್ಬರೂ ಸುಮ್ಮನಾದಿವಿ.

ನನ್ನ ಬಂದೂಕಿಗೆ ತೂತು ಇರಲಿಲ್ಲ ಅನ್ನೋದನ್ನ ನೆನಪಿಡ್ರಿ. ಸಾದಾ ನಳಿಗೆ.

ಅದಾದ ಮೇಲೆ ಎಷ್ಟೋ ವರ್ಷ ನನಗೊಂದು ಸಿಟ್ಟು ಇತ್ತು. ಬಲಕ್ಕೆ ಕುಂತು ಕರೆದರೆ ಆಕಿ ಓ ಅನ್ನಂಗಿಲ್ಲ. ಹಿಂದಿನಿಂದ ಮಾತಾಡಿದ್ರ ತಿರುಗಿ ನೋಡಂಗಿಲ್ಲ. ಮೊಮ್ಮಗಳು ಬಂದು ಏನೋ ಕೇಳಿದ್ರ ಬೇರೇನೋ ಉತ್ತರ ಕೊಡ್ತಾಳ. ಮದುವೆ ಮನೆಯಲ್ಲಿ ನಾಲ್ಕು ಮಂದಿ ಕೂಡೇ ಮಾತಾಡಿದ್ರ ಎದ್ದು ಅಡಿಗೆ ಮನೆಗೆ ಹೋಗಿಬಿಡ್ತಾಳ. ನಾನು "ಸೊಕ್ಕು ಬಂದೈತಿ" ಅಂತ ಬೈದೀನಿ. ನಾಲ್ಕು ಮಂದಿ ಮುಂದೆ ಬೈದೀನಿ. ಹೋದ ವರ್ಷ ನನ್ನ ಎಡಗಿವಿಯೊಳಗ ರಾತ್ರಿ ಎಲ್ಲಾ ಜೀರುಂಡೆ ಕೂಗಿದಂಗ ಆಗಿ, ವಿಜಯಪುರದ ಕಿವಿ ಡಾಕ್ಟರ್ ಹತ್ತಿರ ಹೋದೆ. ಆಕಿಯೂ ಜೋಡಿ ಬಂದಿದ್ದಳು. ನನ್ನದು ಆದ ಮೇಲೆ ಅವರು ಅವಳದನ್ನೂ ನೋಡೋಣ ಅಂತ ಗಾಜಿನ ಖೋಲಿಯೊಳಗ ಕುಂಡರಿಸಿದರು. ಹೊರಗ ಬಂದ ಕಾಗದ ನೋಡಿ ಡಾಕ್ಟರ್ ನನಗ ಕೇಳಿದರು, "ಬಂದೂಕು ನೀವು ಹೊಡೀತೀರೋ, ಇವರು ಹೊಡೀತಾರೋ?"

ನನ್ನ ಎಡಗಿವಿ ಹೋಗೇತಿ. ಬಲಗೈಲೆ ಹೊಡೆಯೋರಿಗೆ ಎಡಗಿವಿ ಮೊದಲು ಹೋಗ್ತದಂತ, ಅದು ನಳಿಗೆ ಕಡೆ ತಿರುಗಿರ್ತದ, ಬಲಗಿವಿ ತಲೆಯ ಮರೆಗೆ ಇರ್ತದ. ನಾನು ಫೋನು ಯಾವಾಗಲೂ ಬಲಕ್ಕೆ ಹಿಡಿಯೋದು ಯಾಕ ಅಂತ ನನಗ ಆಗ ಗೊತ್ತಾತು. ಆಕಿದು ಬಲಗಿವಿ, ನನಗಿಂತ ಹೆಚ್ಚು ಹೋಗೇತಿ. ಹೊಡೆದವನು ನಾನು, ಬಿದ್ದದ್ದು ಆಕಿಗೆ.

ಡಾಕ್ಟರ್ ತಿಳಿಸಿ ಹೇಳಿದ್ದನ್ನ, ಆಮೇಲೆ ಸುಬೇದಾರರು ಹೇಳಿದ್ದನ್ನ ಕೂಡಿಸಿ ಬರೀತೀನಿ. ಕಿವಿಯೊಳಗ ಶಂಖದಂಥ ಒಂದು ಭಾಗ ಐತಿ. ಅದರೊಳಗ ಕೂದಲಿನಂಥ ಸಣ್ಣ ಸಣ್ಣ ಎಳೆ ಇರೋ ಕಣ, ಜೋಳದ ಬೆಳೆ ನಿಂತಂಗ ಸಾಲಾಗಿ. ಸಪ್ಪಳ ಬಂದಾಗ ಅವು ಬಾಗಿ ಏಳ್ತಾವ. ಜಾತ್ರೆಯ ಡಾಲ್ಬಿ ಮುಂದೆ ನಿಂತು ಬಂದರೆ ಮಲಗಿರ್ತಾವ, ಒಂದೆರಡು ದಿನಕ್ಕೆ ಏಳ್ತಾವ. ಗಾಳಿಗೆ ಬಾಗಿದ ಜೋಳ ಎದ್ದೀತು, ಬುಡಕ್ಕೆ ಮುರಿದದ್ದು ಏಳಂಗಿಲ್ಲ. ಈ ಕಣ ಸತ್ತರೆ ಮತ್ತೆ ಹುಟ್ಟಂಗಿಲ್ಲ. ಔಷಧ ಇಲ್ಲ, ಆಪರೇಷನ್ ಇಲ್ಲ. ಮೊದಲಿಗೆ ಹೋಗೋದು ಸಣ್ಣ ದನಿ: ಹೆಂಗಸರ, ಮಕ್ಕಳ ದನಿ, ಗುಬ್ಬಿ ದನಿ, ಸ ಶ ತ ಅನ್ನೋ ಅಕ್ಷರ. ಟ್ರ್ಯಾಕ್ಟರ್ ಸಪ್ಪಳ ಚೆನ್ನಾಗಿ ಕೇಳತಿರ್ತದ. ಅದಕ್ಕ ನಾವು "ನನಗೆಲ್ಲಾ ಕೇಳತೈತಿ, ಇವರೇ ಸರಿಯಾಗಿ ಮಾತಾಡಂಗಿಲ್ಲ" ಅಂತೀವಿ.

ಲೆಕ್ಕ ಹಿಂಗೈತಿ. ಸಪ್ಪಳ ಅಳೆಯೋದು ಡೆಸಿಬಲ್‌ನಾಗ. ಢಂ ಅನ್ನೋ ಸಪ್ಪಳ 140 ದಾಟಿದರೆ ಒಂದೇ ಏಟಿಗೆ ಕಿವಿಗೆ ಪೆಟ್ಟಾಗಬಹುದು. ಹನ್ನೆರಡು ಬೋರ್ ಬಂದೂಕು ತೂತು ಇಲ್ಲದೇನೇ 150ರ ಮೇಲೆ. ನಳಿಗೆ ಗಿಡ್ಡ ಆದಷ್ಟೂ ಜೋರು: 28 ಇಂಚಿನದು 150ರ ಆಸುಪಾಸು ಇದ್ದರೆ 18 ಇಂಚಿನದು 160 ದಾಟತದ. ನಮ್ಮ ಸರಕಾರ ಪಟಾಕಿಗೆ ಹಾಕಿದ ಮಿತಿ ನಾಲ್ಕು ಮೀಟರ್ ದೂರಕ್ಕೆ 145. ನಾವು ಅದಕ್ಕಿಂತ ಜೋರಾದದ್ದನ್ನ ಕಿವಿಯಿಂದ ಒಂದು ಮೀಟರಿನೊಳಗ ಹಾರಿಸ್ತೀವಿ.

ಇನ್ನೊಂದು ಮೋಸ ಈ ಲೆಕ್ಕದೊಳಗ ಐತಿ. 3 ಡೆಸಿಬಲ್ ಏರಿದರೆ ಸಪ್ಪಳದ ಶಕ್ತಿ ಎರಡರಷ್ಟು ಆಗ್ತದ. ಆದರೆ ನಮ್ಮ ಕಿವಿಗೆ ಅದು ಎರಡರಷ್ಟು ಅನಿಸಂಗಿಲ್ಲ, ತುಸು ಜಾಸ್ತಿ ಆದಂಗ ಅನಿಸತದ ಅಷ್ಟೇ. "ತೂತು ಹೊಡಸಿದ್ರ ಫರಕು ಗೊತ್ತಾಗಂಗಿಲ್ಲ" ಅನ್ನೋರು ಇದನ್ನ ತಿಳಕೋಬೇಕು. ಗೊತ್ತಾಗೋದು ಬೇರೆ, ಹಾನಿ ಆಗೋದು ಬೇರೆ. ಬಂದೂಕು ಹಾರೋ ಹೊತ್ತಿಗೆ ಹೆದರಿಕೆ, ಸಿಟ್ಟು, ಹಂದಿ ಮೇಲೆ ಕಣ್ಣು, ಆ ಗಡಿಬಿಡಿಯೊಳಗ ಸಪ್ಪಳದ ಅಂದಾಜು ಯಾರಿಗೂ ಇರಂಗಿಲ್ಲ. ನಮ್ಮ ಮನೆಯವರಿಗೆ ಕೈಯಾಗಿನ ಬ್ಯಾಟರಿ ಬಿದ್ದದ್ದು ಗೊತ್ತಾತು, ಕಿವಿ ಹೋದದ್ದು ಗೊತ್ತಾಗಲಿಲ್ಲ.

ಹೋಗಲಿ, ಇಷ್ಟೆಲ್ಲಾ ಜೋರು ಮಾಡಿದ್ರ ಹಂದಿಯಾದರೂ ಹೋಗ್ತದೋ? ನನ್ನ ಅನುಭವ ಹೇಳ್ತೀನಿ. ಮೊದಲ ಸಲ ಹಾರಿಸಿದಾಗ ಹಿಂಡು ಎಂಟು ದಿನ ಬರಲಿಲ್ಲ. ಎರಡನೇ ಸಲಕ್ಕೆ ನಾಲ್ಕು ದಿನ. ಮೂರನೇ ವಾರ, ಗುಂಡಿನ ಸಪ್ಪಳ ಕೇಳಿ ಕಬ್ಬಿನೊಳಗ ಹೊಕ್ಕು, ನಾನು ಮನೆಗೆ ಬಂದು ಹಾಸಿಗೆ ಮೇಲೆ ಅಡ್ಡಾಗೋ ಹೊತ್ತಿಗೆ ಮತ್ತ ಗೊಂಜಾಳದಾಗ ಇದ್ದವು. ಸಪ್ಪಳದ ಹಿಂದ ಏನೂ ಆಗಂಗಿಲ್ಲ ಅನ್ನೋದು ಅವಕ್ಕ ತಿಳೀತು. ಹಂದಿ ಶ್ಯಾಣ್ಯಾ ಪ್ರಾಣಿ, ವಾಸನೆ ಹಿಡಿದು ಬದುಕೋದು. ಅದಕ್ಕೆ 150 ಆದರೇನು, 155 ಆದರೇನು? ಅರ್ಧ ಫರ್ಲಾಂಗು ದೂರ ಇರೋ ಹಂದಿಗೆ ತೂತಿನ ಸಪ್ಪಳ ಹೆಚ್ಚು ಮುಟ್ಟಂಗೂ ಇಲ್ಲ, ಅದು ಬದಿಗೆ ಚೆಲ್ಲತದ ಅಂತ ಮೇಲೇ ಹೇಳೀನಿ. ಅಂದ್ರ ಹಂದಿಗೆ ಹೋಗಬೇಕಾದದ್ದನ್ನ ತಿರುಗಿಸಿ ಬ್ಯಾಟರಿ ಹಿಡಿದವರ ಕಿವಿಗೆ ಹಾಕಿದಂಗ ಆತು.

ಹೊಡೆದು ಕೊಲ್ಲೋ ಮಾತು ಇಲ್ಲಿ ಬರಂಗೇ ಇಲ್ಲ. ಬೇಟೆ 1972ರ ವನ್ಯಜೀವಿ ಕಾಯ್ದೆಯೊಳಗ ಬಂದ್ ಆಗೇತಿ, ಹಂದಿಯೂ ಆ ಪಟ್ಟಿಯಲ್ಲಿ ಐತಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟೋಹಂಗಿಲ್ಲ. ಬೀಳಗಿ, ಮುಧೋಳ ಕಡೆ ಯಡಹಳ್ಳಿ ಚಿಂಕಾರಾ ಅಭಯಾರಣ್ಯದ ಮಗ್ಗುಲಿಗೆ ಹೊಲ ಇದ್ದವರಂತೂ ಒಂದು ಗುಂಡಿನ ಸಪ್ಪಳಕ್ಕೂ ಉತ್ತರ ಕೊಡಬೇಕಾಗ್ತದ.

ಇನ್ನು ಲೇತ್ ಅಂಗಡಿ. 1959ರ ಶಸ್ತ್ರ ಕಾಯ್ದೆ ಪ್ರಕಾರ ಬಂದೂಕು ರಿಪೇರಿ ಮಾಡಲಿಕ್ಕೆ, ಬದಲು ಮಾಡಲಿಕ್ಕೆ ಬೇರೇನೇ ಲೈಸನ್ಸ್ ಬೇಕು. ಪಂಪ್‌ಸೆಟ್ಟಿನ ಬುಶ್ ತಿರುವೋ ಹುಡುಗ ನಿಮ್ಮ ನಳಿಗೆಗೆ ಡ್ರಿಲ್ ಹಾಕಿದ್ರ ಅವನ ಮೇಲೂ ಕೇಸು, ನಿಮ್ಮ ಮೇಲೂ ಕೇಸು, ಲೈಸನ್ಸ್ ಹೋದದ್ದು ಬೇರೆ. ಕೇಸು ಬಿಡ್ರಿ. ನಮ್ಮ ಬಂದೂಕುಗಳೆಲ್ಲ ಹಳೇವು. ತುದಿ ಹತ್ತಿರ ನಳಿಗೆಯ ಗೋಡೆ ತೆಳ್ಳಗಿರ್ತದ. ಡ್ರಿಲ್ ಹಾಕಿದಲ್ಲಿ ಒಳಗೆ ಚೂರು ಮುಳ್ಳಿನಂಗ ಎದ್ದು ನಿಂತಿರ್ತಾವ. ಚರೆಯನ್ನ ಹೊತ್ತು ಬರೋ ಪ್ಲಾಸ್ಟಿಕ್ ಬಟ್ಟಲು ಅದಕ್ಕೆ ಸಿಗಬಿದ್ದು ಹರೀತದ, ತೂತಿನಾಗಿಂದ ಚೂರು ಹಾರ್ತಾವ. ನಳಿಗೆ ಬಿರಿದರೂ ಬಿರೀತು. ಕಾರ್ಖಾನೆಯವರು ಅಳತೆ ಮಾಡಿ, ತಿಕ್ಕಿ, ಪರೀಕ್ಷೆ ಮಾಡಿ ಕೊಡೋದು ಬೇರೆ, ಅರ್ಧಾ ತಾಸಿನ ಕೆಲಸ ಅನ್ನೋದು ಬೇರೆ.

ಜೋರು ಸಪ್ಪಳದ ಹುಚ್ಚು ಬಂದೂಕಿಗಷ್ಟೇ ಅಲ್ಲ. ಪಿವಿಸಿ ಪೈಪಿನೊಳಗ ಕಾರ್ಬೈಡು, ನೀರು ಹಾಕಿ ಲೈಟರ್ ಹೊಡೆಯೋ ಕಾರ್ಬೈಡ್ ಗನ್ನು ಮಂಗ್ಯಾ ಓಡಿಸಲಿಕ್ಕೆ, ಹಂದಿ ಓಡಿಸಲಿಕ್ಕೆ ಅಂತ ರೈತರ ಹೊಲದಿಂದಲೇ ಪೇಟೆಗೆ ಹೋಗಿದ್ದು. 2025ರ ದೀಪಾವಳಿಗೆ ಭೋಪಾಳ ಮತ್ತು ಸುತ್ತಲಿನ ಊರುಗಳಲ್ಲಿ ಅದನ್ನ ಆಟಿಗೆ ಮಾಡಿಕೊಂಡ ಮಕ್ಕಳು ಕಣ್ಣಿಗೆ ಪೆಟ್ಟು ಮಾಡಿಕೊಂಡು ಸಾಲಾಗಿ ಆಸ್ಪತ್ರೆ ಸೇರಿದ್ದನ್ನ ನೀವು ಟಿವಿಯಲ್ಲಿ ನೋಡೀರಿ. ಹಾರಲಿಲ್ಲ ಅಂತ ಪೈಪಿನೊಳಗ ಇಣಿಕಿದ್ದಕ್ಕೆ ಎಷ್ಟೋ ಮಕ್ಕಳ ಕಣ್ಣು ಹೋದವು. ನಮ್ಮಲ್ಲಿ ಕೆಲವರ ಪಂಪಿನ ಮನೆಯಲ್ಲಿ ಇನ್ನೂ ಆ ಪೈಪು ಇದ್ದಾವ. ಮಕ್ಕಳ ಕೈಗೆ ಸಿಗೋ ಮೊದಲು ಮುರಿದು ಹಾಕ್ರಿ.

ಹಂಗಾದ್ರ ಕಿವಿಗೆ ಏನು ಮಾಡಬೇಕು? ಮೆಡಿಕಲ್ ಅಂಗಡಿಯೊಳಗ ಮೆತ್ತನೆ ಫೋಮಿನ ಇಯರ್ ಪ್ಲಗ್ ಸಿಗ್ತಾವ, ಒಂದು ಚಹಾ ಭಜಿಯ ರೊಕ್ಕ. ಅದನ್ನ ಬೆರಳಿನಾಗ ಹೊಸೆದು ಬತ್ತಿಯಂಗ ಸಣ್ಣ ಮಾಡಬೇಕು. ಇನ್ನೊಂದು ಕೈಯನ್ನ ತಲೆ ಮೇಲಿಂದ ತಂದು ಕಿವಿಯ ಮೇಲಿನ ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆದು, ಬತ್ತಿ ಒಳಗೆ ತೂರಿಸಿ, ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಅದು ಒಳಗೆ ಅರಳಿ ಬಿಗಿಯಾಗ್ತದ. ಸುಮ್ಮನೆ ಬಾಯಿಗೆ ಚುಚ್ಚಿಕೊಂಡರೆ ಉಪಯೋಗ ಇಲ್ಲ. ಸರಿಯಾಗಿ ಕುಂತರೆ 20ರಿಂದ 30 ಡೆಸಿಬಲ್ ತಡೀತದ. ಅರಳಿ ತುರುಕಿಕೊಳ್ಳೋದು ನಮ್ಮ ಹಳೇ ರೂಢಿ. ಅರಳಿಯಿಂದ ಗಾಳಿ ತಡೆದೀತು, ಬಂದೂಕು ತಡೆಯಂಗಿಲ್ಲ. ರೊಕ್ಕ ಇದ್ದವರು ಹೆಡ್‌ಫೋನಿನಂಥ ಇಯರ್ ಮಫ್ ತಗೋರಿ, ಕೊರಳಿಗೆ ಹಾಕ್ಕೊಂಡು ತಿರುಗಬಹುದು, ಬಂದೂಕು ಎತ್ತೋ ಮೊದಲು ಮೇಲೆ ಏರಿಸೋದು.

"ಕಿವಿ ಮುಚ್ಚಿಕೊಂಡ್ರ ಹಂದಿ ಬಂದದ್ದು ಹೆಂಗ ಕೇಳತೈತಿ?" ಅಂತ ಕೇಳೋರಿದ್ದೀರಿ. ಒಳ್ಳೇ ಪ್ರಶ್ನೆ. ಬರೋ ಸಪ್ಪಳ ಬರಿಗಿವಿಯಿಂದ ಕೇಳ್ರಿ, ನಾಯಿ ಇದ್ದರೆ ಅದು ನಿಮಗಿಂತ ಮೊದಲು ಹೇಳತದ. ಆದರೆ ಯಾರೂ ಸಪ್ಪಳ ಕೇಳಿ ಬಂದೂಕು ಹಾರಿಸೋಹಂಗಿಲ್ಲ, ಕಣ್ಣಿಲೆ ನೋಡಿ, ಮಂದಿ ಇಲ್ಲ ಅಂತ ಖಾತ್ರಿ ಆದ ಮೇಲೇನೇ. ಆ ಖಾತ್ರಿ ಮಾಡಿಕೊಳ್ಳೋ ಹೊತ್ತಿನಾಗ ಕಿವಿ ಮುಚ್ಚಿಕೊಳ್ಳಲಿಕ್ಕೆ ಟೈಮ್ ಐತಿ. ಬ್ಯಾಟರಿ ಹಿಡಿದವರು ಹೊಡೆಯೋರ ಬೆನ್ನ ಹಿಂದೆ, ಎರಡು ಹೆಜ್ಜೆ ದೂರ ನಿಲ್ಲಬೇಕು. ಈಗ ಹಣೆಗೆ ಕಟ್ಟಿಕೊಳ್ಳೋ ಬ್ಯಾಟರಿ ಬಂದಾವ, ಬದಿಗೆ ಒಬ್ಬರನ್ನ ನಿಲ್ಲಿಸೋ ಅಗತ್ಯವೇ ಇಲ್ಲ.

ನಮ್ಮ ಕಡೆ ಗಂಡಸರು ಇದನ್ನ ಮಾಡಂಗಿಲ್ಲ ಅನ್ನೋದೂ ನನಗೆ ಗೊತ್ತೈತಿ. ಕಿವಿಗೆ ಬತ್ತಿ ಇಟ್ಟುಕೊಂಡವನನ್ನ ನೋಡಿ ನಗ್ತಾರ. ಬಂದೂಕು ನಮಗೆ ಮಾನದ ವಸ್ತು. 1857ರಲ್ಲಿ ಕಂಪನಿ ಸರಕಾರ ಹತಾರು ಒಪ್ಪಿಸಬೇಕು ಅಂತ ಕಾಯ್ದೆ ತಂದಾಗ ಇಲ್ಲೇ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡಂಗಿಲ್ಲ ಅಂತ ತಿರುಗಿಬಿದ್ದರು. ಜಡಗ, ಬಾಲರ ಹೆಸರು ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರ? ಊರು ಸುಡಿಸಿಕೊಂಡರು, ಗಲ್ಲಿಗೆ ಹೋದರು, ಹತಾರು ಮಾತ್ರ ಕೊಡಲಿಲ್ಲ. ಆ ಸೀಮೆಯ ಮಂದಿ ನಾವು, ನನಗೂ ಹೆಮ್ಮೆ ಐತಿ. ಆದರೆ ಅವರು ಎದೆ ಕೊಟ್ಟು ನಿಂತದ್ದು ಎದುರಿನ ಪಲ್ಟನ್ನಿಗೆ. ಹೆಂಡತಿಯನ್ನ ನಳಿಗೆ ಬದಿಗೆ ನಿಲ್ಲಿಸಿ ಹಂದಿಗೆ ಹಾರಿಸೋದನ್ನ ಅದರ ಸಾಲಿಗೆ ಹಚ್ಚಬಾರದು.

ಹಂದಿಗೆ ನಾನು ಈಗ ಮಾಡಿದ್ದು: ಬದುವಿನ ಕಂಟಿ ಕಡಿದು ಬೋಳು ಮಾಡೀನಿ, ಗೊಂಜಾಳದ ಸುತ್ತ ಸೋಲಾರ್ ತಂತಿ ಎಳೆದೀನಿ, ಮಡ್ಡಿ ಹೊಲದ ಶೇಂಗಾಕ್ಕೆ ಹಿರಿಯರು ಮಾಡತಿದ್ದಂಗ ನಾಲ್ಕು ಸಾಲು ಮುಳ್ಳು ಕುಸುಬಿ. ಪೂರ್ತಿ ನಿಂತಿಲ್ಲ, ಸುಳ್ಳು ಹೇಳಂಗಿಲ್ಲ. ಕಬ್ಬಿನ ಅಂಚಿನ ಎರಡು ಸಾಲು ಪ್ರತಿ ವರ್ಷ ಹೋಗ್ತದ. ಅಕ್ಕಪಕ್ಕದ ನಾಲ್ಕು ಮನೆಯವರು ಪಾಳಿ ಹಚ್ಚಿಕೊಂಡು ಕಾಯೋದರಿಂದ ಬಂದೂಕಿಗಿಂತ ಹೆಚ್ಚು ಉಪಯೋಗ ಆಗೇತಿ. ಇದರ ಲೆಕ್ಕ ಬೇರೆ ದಿನ ಪೂರ್ತಿ ಬರೀತೀನಿ.

ಅಕ್ಕನ ಮಗನ ಮನೆಗೆ ನಿನ್ನೆ ನಾನೇ ಹೋಗಿದ್ದೆ. ಬಂದೂಕು ಇನ್ನೂ ಗೂಟಕ್ಕೇ ಇತ್ತು. ಪ್ಲಗ್ಗಿನ ಪಾಕೀಟು ಎರಡು ಕೊಟ್ಟು ಬಂದೀನಿ. "ಎರಡ್ಯಾಕ ಮಾಮಾ, ಹೊಡಿಯಾಂವ ನಾನೊಬ್ಬನ" ಅಂದ. ಅವನ ಹೆಂಡತಿ ಒಳಗಿಂದ ಚಹಾ ತಂದಳು, ಎರಡನೇ ಪಾಕೀಟು ಆಕಿ ಕೈಗೆ ಕೊಟ್ಟೆ. ಇನ್ನೂ ಸಿಟ್ಟು ಇಳಿದಂಗ ಕಾಣಲಿಲ್ಲ ಹುಡುಗನಿಗೆ, ಆದರೆ ಚಹಾ ಕುಡಿದಿವಿ.

ಇದನ್ನ ಹಾಕೋ ಮೊದಲು ನಮ್ಮ ಮನೆಯವರಿಗೆ ಓದಿ ಹೇಳಿದೆ, ಎಡಕ್ಕೆ ಕುಂತು. ನಮ್ಮ ಮನೆ ಮಾತು ಊರಿಗೆಲ್ಲಾ ಹೇಳೋದು ಬ್ಯಾಡ ಅಂತಾಳೇನೋ ಅಂತಿದ್ದೆ. ಪೂರ್ತಿ ಕೇಳಿ, "ಅಲ್ಲೊಂದು ತಪ್ಪು ಬರದೀರಿ. ಅವತ್ತ ನೀವು ಹಾರ್ಸಿದ್ದು ಎರಡ ಸಲ. ಎರಡನೇದಕ್ಕ ಬ್ಯಾಟರಿ ಬಿದ್ದದ್ದು. ಒಂದನೇದಕ್ಕ ಗುಂಯ್ ಅಂದಿತ್ತು, ಹೇಳಿದೆ, ನಿಮಗ ಕೇಳಲಿಲ್ಲ" ಅಂದಳು.

ಮೇಲೆ ಒಂದು ಗುಂಡು ಅಂತ ಬರದೀನಿ. ಎರಡು ಅಂತ ಓದಿಕೊಳ್ರಿ.